ಬಂಗು, ಮೊಡವೆ ಕಲೆ, ಕಪ್ಪು ಕುತ್ತಿಗೆ: ನಮ್ಮ ಬಣ್ಣದ ಚರ್ಮಕ್ಕೆ ಯಾವ ಚಿಕಿತ್ಸೆ?

ಪ್ರಶ್ನೆ: ನನಗೆ 36 ವರ್ಷ. ಕಾಸರಗೋಡಿನ ಬದಿಯಡ್ಕದ ಹತ್ತಿರ ಮನೆ, ಸ್ವಲ್ಪ ಅಡಿಕೆ ತೋಟ ಇದೆ. ಎರಡನೇ ಮಗು ಹೊಟ್ಟೆಯಲ್ಲಿದ್ದಾಗ ಎರಡೂ ಕೆನ್ನೆಗೆ, ಮೇಲ್ತುಟಿಗೆ ಬಂಗು ಬಂತು. ಮಗುವಿಗೆ ಈಗ ಮೂರು ವರ್ಷ, ಬಂಗು ಹಾಗೇ ಇದೆ. ದವಡೆಯಲ್ಲಿ ಮೊಡವೆ ಹೋದ ಜಾಗದಲ್ಲೆಲ್ಲ ಕಪ್ಪು ಕಲೆ. ನಿಂಬೆರಸ, ಅರಿಶಿನ ಹಚ್ಚಿ ನೋಡಿದೆ. ಆಮೇಲೆ ಗಲ್ಫ್‌ನಿಂದ ಬಂದ ಸಂಬಂಧಿಕರು ಒಂದು ಕ್ರೀಮ್ ಕೊಟ್ಟರು. ಒಂದೇ ತಿಂಗಳಲ್ಲಿ ಮುಖ ಬೆಳ್ಳಗಾಯಿತು. ಡಬ್ಬಿ ಖಾಲಿಯಾದ ಮೇಲೆ ಮುಖವೆಲ್ಲ ಕೆಂಪು, ಉರಿ. ಬಂಗು ಮೊದಲಿಗಿಂತ ಜಾಸ್ತಿ. ಈಗ ಎರಡನೇ ಡಬ್ಬಿ ತರಿಸಿದ್ದೇನೆ, ಹಚ್ಚಬಹುದಾ? ನನ್ನ ಬಣ್ಣವೇ ಕಪ್ಪು. ಇಂಥ ಚರ್ಮಕ್ಕೆ ಔಷಧಿ ಹಿಡಿಯುತ್ತದಾ? ಮಂಗಳೂರಿಗೆ ಹೋಗಿ ಲೇಸರ್ ಮಾಡಿಸಿದರೆ ಒಂದೇ ಸಲಕ್ಕೆ ಹೋಗಬಹುದಾ? ಇನ್ನೊಂದು ವಿಷಯ, 14 ವರ್ಷದ ಮಗಳ ಕುತ್ತಿಗೆ ಕಪ್ಪಾಗುತ್ತಿದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ಉತ್ತರ: ಎರಡನೇ ಡಬ್ಬಿ ತೆರೆಯಬೇಡಿ. ಎಸೆಯಲೂ ಬೇಡಿ. ಖಾಲಿ ಡಬ್ಬಿ ಇದ್ದರೆ ಅದನ್ನೂ ಸೇರಿಸಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಚರ್ಮರೋಗ ತಜ್ಞರ ಹತ್ತಿರ ಹೋಗುವಾಗ ಅದು ಬೇಕು.

ಒಂದು ತಿಂಗಳಲ್ಲಿ ಮುಖ ಬೆಳ್ಳಗೆ ಮಾಡುವ ಕ್ರೀಮ್‌ನಲ್ಲಿ ಸಾಮಾನ್ಯವಾಗಿ ಇರುವುದು ಎರಡರಲ್ಲಿ ಒಂದು. ಒಂದೋ ಗಟ್ಟಿ ಸ್ಟೀರಾಯ್ಡ್, ಇಲ್ಲವೇ ಪಾದರಸ. ಕೆಲವದರಲ್ಲಿ ಎರಡೂ ಇರುತ್ತವೆ. ಬಿಟ್ಟ ಕೂಡಲೇ ಕೆಂಪಾಗಿ ಉರಿ ಬಂತು ಅಂತ ಬರೆದಿದ್ದೀರಿ, ಅದು ಸ್ಟೀರಾಯ್ಡಿನ ಲಕ್ಷಣ. ಸ್ಟೀರಾಯ್ಡ್ ಹಚ್ಚಿದಷ್ಟು ದಿನ ಚರ್ಮ ತಣ್ಣಗಿರುತ್ತದೆ, ಬಣ್ಣ ತಿಳಿಯಾಗುತ್ತದೆ. ಒಳಗೊಳಗೇ ಚರ್ಮ ತೆಳ್ಳಗಾಗುತ್ತಾ ಹೋಗುತ್ತದೆ. ನಿಲ್ಲಿಸಿದಾಗ ಅದುಮಿಟ್ಟ ಉರಿಯೆಲ್ಲ ಒಟ್ಟಿಗೇ ಮೇಲೆ ಬರುತ್ತದೆ. ಸಣ್ಣ ಸಣ್ಣ ಗುಳ್ಳೆ, ಕೆನ್ನೆಯಲ್ಲಿ ಕೆಂಪು ನರದ ಗೆರೆ, ಕೆಲವರಿಗೆ ಮುಖದ ಮೇಲೆ ಕೂದಲು. ತಡೆಯಲಾಗದೆ ಮತ್ತೆ ಅದೇ ಕ್ರೀಮ್ ಹಚ್ಚುತ್ತಾರೆ. ಬಿಡಿಸಿಕೊಳ್ಳುವುದೇ ದೊಡ್ಡ ಕೆಲಸವಾಗುತ್ತದೆ. ಇದು ಗಲ್ಫ್ ಡಬ್ಬಿಯ ಕಥೆ ಮಾತ್ರ ಅಲ್ಲ. ನಮ್ಮ ಪೇಟೆಯ ಮೆಡಿಕಲ್‌ಗಳಲ್ಲೂ ಸ್ಟೀರಾಯ್ಡ್ ಬೆರೆಸಿದ ಟ್ಯೂಬುಗಳು ಚೀಟಿ ಇಲ್ಲದೆ ಸಿಗುತ್ತಿದ್ದವು. 2018ರಲ್ಲಿ ಕೇಂದ್ರ ಸರಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದು ನಿಯಮ ಬಿಗಿ ಮಾಡಿತು. ಆದರೂ ಖಾಲಿ ಟ್ಯೂಬ್ ತೋರಿಸಿ ಇನ್ನೊಂದು ತರುವ ಅಭ್ಯಾಸ ಇನ್ನೂ ನಿಂತಿಲ್ಲ.

ಪಾದರಸದ ವಿಷಯ ಇನ್ನೂ ಗಂಭೀರ. 2023ರಲ್ಲಿ ನಮ್ಮದೇ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗುವ ಕಿಡ್ನಿ ಕಾಯಿಲೆಯ ಹಲವು ರೋಗಿಗಳನ್ನು ಕೋಟಕ್ಕಲ್‌ನ ವೈದ್ಯರು ಗಮನಿಸಿದರು. ವಿಚಾರಿಸುತ್ತಾ ಹೋದಾಗ ಅವರಲ್ಲಿ ಅನೇಕರು ಬೆಳ್ಳಗಾಗುವ ಕ್ರೀಮ್ ಹಚ್ಚುತ್ತಿದ್ದರು, ಕ್ರೀಮ್‌ಗಳಲ್ಲಿ ಪಾದರಸ ಸಿಕ್ಕಿತು. ಅದೇ ವರ್ಷ ಕೇರಳದ ಔಷಧ ನಿಯಂತ್ರಣ ಇಲಾಖೆ ‘ಆಪರೇಷನ್ ಸೌಂದರ್ಯ’ ಅಂತ ಹೆಸರಿಟ್ಟು ಅಂಗಡಿಗಳಲ್ಲಿ ತಪಾಸಣೆ ಶುರು ಮಾಡಿತು. ಪಾದರಸ ಚರ್ಮದ ಮೂಲಕ ರಕ್ತಕ್ಕೆ ಹೋಗುತ್ತದೆ. ಆವಿಯಾಗಿ ಉಸಿರಿನಲ್ಲೂ ಹೋಗುತ್ತದೆ. ಹಾಗಾಗಿ ಹಚ್ಚಿಕೊಂಡವರಿಗೆ ಮಾತ್ರವಲ್ಲ, ಅವರ ಮಗ್ಗುಲಲ್ಲಿ ಮಲಗುವ ಮಗುವಿಗೂ ತೊಂದರೆ ಇದೆ.

ಡಬ್ಬಿಯನ್ನು ಒಮ್ಮೆ ತಿರುಗಿಸಿ ನೋಡಿ. ಯಾರು ತಯಾರಿಸಿದರು, ಎಲ್ಲಿ, ಲೈಸೆನ್ಸ್ ಅಥವಾ ಆಮದು ನೋಂದಣಿ ನಂಬರ್ ಏನು, ಒಳಗೆ ಏನೇನಿದೆ, ಇಷ್ಟೂ ಇರಬೇಕು. ಏನೂ ಇಲ್ಲದಿದ್ದರೆ ಅದನ್ನು ಮುಖಕ್ಕೆ ತಾಗಿಸಲೇಬಾರದು. ‘ಕ್ಯಾಲೊಮೆಲ್’, ‘ಮರ್ಕ್ಯುರಿಕ್’, ‘ಮರ್ಕ್ಯುರಸ್’ ಅನ್ನುವ ಪದ ಕಂಡರೆ ಅದು ಪಾದರಸವೇ. ‘ಹಚ್ಚುವಾಗ ಚಿನ್ನ ಬೆಳ್ಳಿ ಒಡವೆಗೆ ತಾಗಿಸಬೇಡಿ’ ಅಂತ ಬರೆದಿದ್ದರೂ ಅನುಮಾನ ಪಡಿ, ಪಾದರಸ ಚಿನ್ನಕ್ಕೆ ಅಂಟಿಕೊಳ್ಳುತ್ತದೆ. ಏನೂ ಬರೆದಿಲ್ಲ ಎಂದ ಮಾತ್ರಕ್ಕೆ ಪಾದರಸ ಇಲ್ಲ ಅಂತಲೂ ಅಲ್ಲ. ಆದ್ದರಿಂದ ಈ ವಾರವೇ ಒಂದು ಮೂತ್ರ ಪರೀಕ್ಷೆ ಮಾಡಿಸಿ, ಪ್ರೋಟೀನ್ ಹೋಗುತ್ತಿದೆಯಾ ಅಂತ ಗೊತ್ತಾಗುತ್ತದೆ. ಹತ್ತಿರದ ಲ್ಯಾಬ್‌ನಲ್ಲೇ ಆಗುವ ಸಣ್ಣ ಪರೀಕ್ಷೆ ಇದು. ಕಾಲು ಊದಿಕೊಂಡರೆ, ಮೂತ್ರದಲ್ಲಿ ನೊರೆ ಕಂಡರೆ ಕಾಯಬೇಡಿ, ಆ ದಿನವೇ ಆಸ್ಪತ್ರೆಗೆ ಹೋಗಿ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಕಪ್ಪು ಚರ್ಮಕ್ಕೆ ಔಷಧಿ ಹಿಡಿಯುತ್ತದಾ? ಚೆನ್ನಾಗಿ ಹಿಡಿಯುತ್ತದೆ. ಆದರೆ ಅವಸರ ಮಾಡಿದರೆ ತಿರುಗಿ ಬೀಳುತ್ತದೆ. ಯಾಕೆ ಅಂತ ಸ್ವಲ್ಪ ಹೇಳುತ್ತೇನೆ, ಗೊತ್ತಿದ್ದರೆ ಮುಂದಿನದೆಲ್ಲ ಸುಲಭ.

ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್. ಅದನ್ನು ತಯಾರಿಸುವ ಜೀವಕೋಶಗಳ ಲೆಕ್ಕ ಬಿಳಿಯರಲ್ಲೂ ನಮ್ಮಲ್ಲೂ ಹೆಚ್ಚುಕಡಿಮೆ ಒಂದೇ. ನಮ್ಮಲ್ಲಿ ಆ ಕೋಶಗಳು ಜಾಸ್ತಿ ಕೆಲಸ ಮಾಡುತ್ತವೆ, ಮೆಲನಿನ್ನಿನ ಕಣಗಳು ದೊಡ್ಡವು, ಚದುರಿ ಕೂತಿರುತ್ತವೆ. ಫಿಟ್ಜ್‌ಪ್ಯಾಟ್ರಿಕ್ ಎಂಬ ಅಮೆರಿಕದ ವೈದ್ಯರು 1975ರಲ್ಲಿ ಬಿಸಿಲಿಗೆ ಚರ್ಮ ಹೇಗೆ ಪ್ರತಿಕ್ರಿಯಿಸುತ್ತದೆ ಎಂಬುದರ ಮೇಲೆ ವಿಂಗಡಣೆ ಮಾಡಿದರು. ಈಗ ಅದರಲ್ಲಿ ಆರು ವಿಧ ಇವೆ, 1 ಅಂದರೆ ಅತಿ ಬಿಳಿ, 6 ಅಂದರೆ ಅತಿ ಕಪ್ಪು. ನಮ್ಮ ಕಡೆಯವರು ಹೆಚ್ಚಿನವರು 4 ಮತ್ತು 5ಕ್ಕೆ ಸೇರುತ್ತಾರೆ. ಈ ಚರ್ಮಕ್ಕೆ ಸುಕ್ಕು ತಡವಾಗಿ ಬರುತ್ತದೆ, ಬಿಸಿಲಿನಿಂದ ಬರುವ ಕ್ಯಾನ್ಸರ್ ಕಡಿಮೆ. ಆದರೆ ಎಲ್ಲೇ ಸ್ವಲ್ಪ ಪೆಟ್ಟಾದರೂ, ಉರಿ ಎದ್ದರೂ, ಆ ಜಾಗದಲ್ಲಿ ಮೆಲನಿನ್ ತುಂಬಿಕೊಳ್ಳುತ್ತದೆ. ಗೇರುಬೀಜ ಸುಟ್ಟು ತಿರುಳು ತೆಗೆಯುವವರ ಕೈ ನೋಡಿದ್ದೀರಲ್ವಾ? ಸಿಪ್ಪೆಯ ಎಣ್ಣೆ ಸಿಡಿದ ಜಾಗ ಮೊದಲು ಸುಡುತ್ತದೆ, ಸುಲಿಯುತ್ತದೆ, ಆಮೇಲೆ ತಿಂಗಳುಗಟ್ಟಲೆ ಕಪ್ಪಾಗಿ ಉಳಿಯುತ್ತದೆ. ಮಾವಿನ ಮಿಡಿ ಕೊಯ್ಯುವಾಗ ಸೊನೆ ತಾಗಿದರೂ ಹಾಗೆಯೇ. ಮೊಡವೆ, ಸೊಳ್ಳೆ ಕಚ್ಚಿ ಕೆರೆದ ಗಾಯ, ಹುಬ್ಬಿನ ಥ್ರೆಡಿಂಗ್, ಮೇಲ್ತುಟಿಗೆ ವ್ಯಾಕ್ಸ್, ಎಲ್ಲದರ ಹಿಂದೆ ಇದೇ ಕೆಲಸ ನಡೆಯುತ್ತದೆ.

ಅಂದರೆ ಕಲೆ ತೆಗೆಯಲು ಹಚ್ಚುವ ವಸ್ತುವೇ ಚರ್ಮವನ್ನು ಸುಟ್ಟರೆ, ಆ ಸುಟ್ಟದ್ದರಿಂದ ಹೊಸ ಕಲೆ ಬರುತ್ತದೆ. ನಿಂಬೆರಸ ಮಾಡಿದ್ದು ಇದನ್ನೇ. ನಿಂಬೆಯ ಹುಳಿ ಚರ್ಮ ತಡೆಯುವುದಕ್ಕಿಂತ ಎಷ್ಟೋ ಜಾಸ್ತಿ. ಮೇಲಾಗಿ ಅದರ ಸಿಪ್ಪೆಯಲ್ಲಿರುವ ಕೆಲವು ಅಂಶಗಳು ಬಿಸಿಲು ತಾಗಿದಾಗ ಚರ್ಮವನ್ನು ಬೇಯಿಸಿಬಿಡುತ್ತವೆ. ನಿಂಬೆ ಹಚ್ಚಿ ಅಂಗಳಕ್ಕಿಳಿದರೆ ಕಪ್ಪು ಗ್ಯಾರಂಟಿ. ಅರಿಶಿನದಿಂದ ಹೆಚ್ಚಿನವರಿಗೆ ತೊಂದರೆ ಇಲ್ಲ, ಅದರಿಂದ ಬಂಗು ಹೋಗುವುದೂ ಇಲ್ಲ. ಪಾರ್ಲರಿನ ಬ್ಲೀಚ್ ಬೇಡವೇ ಬೇಡ. ಅದು ಮುಖದ ಕೂದಲನ್ನು ಹೊಂಬಣ್ಣ ಮಾಡುತ್ತದೆ, ಚರ್ಮವನ್ನು ಕೆರಳಿಸುತ್ತದೆ, ಅಷ್ಟೇ.

ಇನ್ನು ಬಂಗು. ಇದಕ್ಕೆ ಬೇರು ಹಲವು. ಗರ್ಭಿಣಿಯಾದಾಗ ಹಾರ್ಮೋನ್ ಏರುತ್ತದೆ, ಆಗ ಶುರುವಾಗುತ್ತದೆ. ಮನೆತನದಲ್ಲಿ ಇದ್ದರೆ ಬರುವುದು ಜಾಸ್ತಿ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೋಗಲು ಬಿಡುವುದಿಲ್ಲ. ನೀವು ಅದರ ಬಗ್ಗೆ ಬರೆದಿಲ್ಲ. ತೆಗೆದುಕೊಳ್ಳುತ್ತಿದ್ದರೆ ನೀವಾಗಿ ನಿಲ್ಲಿಸಬೇಡಿ, ಸ್ತ್ರೀರೋಗ ತಜ್ಞರ ಹತ್ತಿರ ಕಾಪರ್‌ಟಿಯಂಥ ಬೇರೆ ದಾರಿ ಕೇಳಿ. ಇವೆಲ್ಲದರ ಮೇಲೆ ಬಿಸಿಲು. ಬಂಗನ್ನು ವರ್ಷಗಟ್ಟಲೆ ಉಳಿಸುವುದು ಅದೇ.

ಅಡಿಕೆ ಮನೆ ಅಂದಿರಿ. ಹಣ್ಣಡಿಕೆಯನ್ನು ಬಿಸಿಲಿಗೆ ಒಣಗಿಸಿ ಚಾಲಿ ಮಾಡುವ ಮನೆಯಲ್ಲಿ ಅದು ಅಂಗಳದಲ್ಲಿ ಸುಮಾರು 40 ದಿನ ಒಣಗಬೇಕು. ಹರಡುವುದು, ಮಗುಚುವುದು, ಸಂಜೆ ಮುಚ್ಚುವುದು, ಈ ಕೆಲಸ ಹೆಚ್ಚಾಗಿ ಹೆಂಗಸರದೇ. ಮೇಲಿನಿಂದ ಬಿಸಿಲು, ಸಿಮೆಂಟ್ ಅಂಗಳದಿಂದ ತಿರುಗಿ ಬರುವ ಬೆಳಕು ಕೆಳಗಿನಿಂದ. ಬಗ್ಗಿ ಅಡಿಕೆ ಎಳೆಯುವಾಗ ಅದು ನೇರ ಕೆನ್ನೆಗೆ, ಮೇಲ್ತುಟಿಗೆ ಬೀಳುತ್ತದೆ. ಅಡಿಕೆ ಹಾಳೆಯ ಟೊಪ್ಪಿ ಮುಟ್ಟಾಳೆ ನೆತ್ತಿಗೆ ಒಳ್ಳೆಯದು, ಕೆನ್ನೆಗೆ ನೆರಳು ಕೊಡುವುದಿಲ್ಲ. ಸುತ್ತ ಅಗಲ ಅಂಚಿನ ಟೊಪ್ಪಿ ಬೇಕು. ಬೆಳಿಗ್ಗೆ 9ರ ಒಳಗೆ ಹರಡಿ, ಮಗುಚುವುದನ್ನು ನಾಲ್ಕು ಗಂಟೆಯ ನಂತರ ಇಟ್ಟುಕೊಳ್ಳಿ. ನಡುವೆ ಮಗುಚಲೇಬೇಕಾದರೆ ಮನೆಯಲ್ಲಿ ಬೇರೆಯವರಿಗೆ ಹೇಳಿ. ಇದನ್ನು ಮನೆಯವರು ಓದಲಿ ಅಂತಲೇ ಬರೆಯುತ್ತಿದ್ದೇನೆ. ಹೆಂಡತಿಯ ಮುಖಕ್ಕೆ ಮುಲಾಮು ತರುವುದಕ್ಕಿಂತ ಎರಡು ಗಂಟೆಯ ಅಂಗಳದ ಕೆಲಸ ಹಂಚಿಕೊಂಡರೆ ಉಪಕಾರ ಜಾಸ್ತಿ.

ಸನ್‌ಸ್ಕ್ರೀನ್ ಬೇಕೇ ಬೇಕು. ಟ್ಯೂಬಿನ ಮೇಲೆ ಬರೆದಿರುವ ಎಸ್‌ಪಿಎಫ್ 30ಕ್ಕಿಂತ ಕಡಿಮೆ ಬೇಡ, ಪಿಎ ಅಕ್ಷರಗಳ ಮುಂದೆ ಮೂರು ಪ್ಲಸ್ ಗುರುತಾದರೂ ಇರಲಿ. ನಮ್ಮ ಬಣ್ಣದವರಿಗೆ ಒಂದು ವಿಶೇಷ ಇದೆ. ಬಂಗು ಬರಿಸುವುದು ಅತಿನೇರಳೆ ಕಿರಣ ಮಾತ್ರ ಅಲ್ಲ, ಕಣ್ಣಿಗೆ ಕಾಣುವ ಸಾದಾ ಬೆಳಕೂ ಕಪ್ಪು ಚರ್ಮದಲ್ಲಿ ಮೆಲನಿನ್ ಏರಿಸುತ್ತದೆ. ಮಾಮೂಲಿ ಸನ್‌ಸ್ಕ್ರೀನ್ ಅದನ್ನು ತಡೆಯುವುದಿಲ್ಲ. ಐರನ್ ಆಕ್ಸೈಡ್ ಸೇರಿಸಿದ, ಕಂದು ಬಣ್ಣದ ‘ಟಿಂಟೆಡ್’ ಸನ್‌ಸ್ಕ್ರೀನ್ ತಡೆಯುತ್ತದೆ. ಮುಖ ಬೂದಿ ಬಳಿದ ಹಾಗೆ ಕಾಣುವ ತೊಂದರೆಯೂ ಅದರಲ್ಲಿ ಕಡಿಮೆ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಒಂದೊಂದು ಗೆರೆ ಹಿಂಡಿದರೆ ಮುಖಕ್ಕೆ ಕುತ್ತಿಗೆಗೆ ಸರಿಯಾಗುತ್ತದೆ. ಹೆಚ್ಚಿನವರು ಹಚ್ಚುವುದು ಇದರ ಕಾಲು ಭಾಗ. ಹೊರಗಿದ್ದರೆ ಎರಡು ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು, ಬೆವರು ಒರೆಸಿಕೊಂಡ ಮೇಲಂತೂ ಹಚ್ಚಲೇಬೇಕು. ಮಳೆಗಾಲದಲ್ಲೂ ಬಿಡಬೇಡಿ, ಮೋಡದೊಳಗಿಂದಲೂ ಕಿರಣ ಬರುತ್ತದೆ.

ಔಷಧಿಗೆ ಬರುವ ಮೊದಲು ಒಂದು ಮಾತು. ನಿಮ್ಮ ಹುಟ್ಟುಬಣ್ಣ ಕಾಯಿಲೆ ಅಲ್ಲ, ಅದನ್ನು ಬದಲಿಸುವ ಔಷಧಿ ನಾನು ಬರೆಯುವುದಿಲ್ಲ. ನಾವು ಗುರಿ ಇಡುವುದು ಕೆನ್ನೆಯ ಕಲೆ ಪಕ್ಕದ ಚರ್ಮದ ಬಣ್ಣಕ್ಕೆ ಬರಬೇಕು ಅನ್ನುವಷ್ಟಕ್ಕೆ. ‘ಬಣ್ಣ ಸ್ವಲ್ಪ ಕಡಿಮೆ’ ಅಂತ ನೆಂಟರು ಹೇಳಿದ ಮಾತು ಎಷ್ಟೋ ಹೆಣ್ಣುಮಕ್ಕಳನ್ನು ಇಂಥ ಡಬ್ಬಿಗಳ ಹತ್ತಿರ ಕಳಿಸುತ್ತದೆ. ನನಗೆ ಅದರ ಬಗ್ಗೆ ನಿಜವಾಗಿ ಸಂಕಟ ಇದೆ.

ನಿಮ್ಮ ಮುಖ ಈಗ ಕೆರಳಿದೆ. ಆದ್ದರಿಂದ ಮೊದಲ ಆರರಿಂದ ಎಂಟು ವಾರ ಕಲೆಯ ಔಷಧಿ ಯಾವುದೂ ಬೇಡ. ಮೃದುವಾದ ಫೇಸ್‌ವಾಶ್, ಪರಿಮಳ ಇಲ್ಲದ ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಇಷ್ಟೇ. ಉರಿ ತಡೆಯಲಾಗದಿದ್ದರೆ ಸ್ಟೀರಾಯ್ಡ್ ಇಲ್ಲದ ಉರಿಶಾಮಕ ಮುಲಾಮು ಇದೆ, ತಜ್ಞರು ನೋಡಿ ಕೊಡುತ್ತಾರೆ. ಈ ಅವಧಿ ಕಷ್ಟದ್ದು. ಬಂಗು ಎದ್ದು ಕಾಣುತ್ತದೆ, ಹಳೆ ಡಬ್ಬಿ ನೆನಪಾಗುತ್ತದೆ. ತಡೆದುಕೊಳ್ಳಿ.

ಆಮೇಲೆ ನಿಮಗೆ ನಾನು ಮೊದಲು ಯೋಚಿಸುವುದು ಅಜೆಲಾಯಿಕ್ ಆಸಿಡ್, 15 ಅಥವಾ 20 ಶೇಕಡಾ ಕ್ರೀಮ್. ಬಂಗು, ಮೊಡವೆ, ಮೊಡವೆಯ ಕಲೆ ಮೂರಕ್ಕೂ ಕೆಲಸ ಮಾಡುತ್ತದೆ. ಅತಿಯಾಗಿ ದುಡಿಯುವ ಮೆಲನಿನ್ ಕೋಶಗಳ ಮೇಲೆ ಅದರ ಪರಿಣಾಮ ಜಾಸ್ತಿ, ಸಹಜ ಚರ್ಮವನ್ನು ಬಿಳಿ ಮಾಡುವುದಿಲ್ಲ. ಗರ್ಭಿಣಿಯರಿಗೂ ಹಾಲೂಡಿಸುವವರಿಗೂ ಕೊಡಬಹುದಾದ ಕೆಲವೇ ಔಷಧಿಗಳಲ್ಲಿ ಇದೊಂದು. ಮೊದಲ ವಾರಗಳಲ್ಲಿ ಸ್ವಲ್ಪ ಚುರುಗುಟ್ಟುತ್ತದೆ, ತುರಿಸುತ್ತದೆ. ಒಂದು ದಿನ ಬಿಟ್ಟು ಒಂದು ದಿನ ರಾತ್ರಿ ಹಚ್ಚಿ, ಚರ್ಮ ಒಗ್ಗಿದ ಮೇಲೆ ದಿನಾ ಹಚ್ಚಿ. ದವಡೆಯ ಮೊಡವೆ ಇನ್ನೂ ಬರುತ್ತಿದ್ದರೆ ಅಡಾಪಲಿನ್ ಜೆಲ್ ಸೇರಿಸುತ್ತೇವೆ. ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು ಸಾಕು. ಗರ್ಭಿಣಿಯರು ಅದನ್ನು ಬಳಸಬಾರದು. ಚರ್ಮ ಒಣಗಿ ಸಿಪ್ಪೆ ಏಳತೊಡಗಿದರೆ ಎರಡು ಮೂರು ದಿನ ನಿಲ್ಲಿಸಿ. ಸಿಪ್ಪೆ ಎದ್ದರೆ ಔಷಧಿ ಹಿಡಿಯುತ್ತಿದೆ ಅಂತ ಖುಷಿಪಡುವವರಿದ್ದಾರೆ. ನಮ್ಮ ಚರ್ಮದಲ್ಲಿ ಅದು ಇನ್ನೊಂದು ಕಲೆಗೆ ದಾರಿ.

ಬಂಗಿಗೆ ಹೆಚ್ಚು ಬಲವಾದ ಔಷಧಿ ಮೂರು ಬೆರೆಸಿದ ಕ್ರೀಮ್. ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಜೊತೆಗೆ ಸೌಮ್ಯವಾದ ಸ್ಟೀರಾಯ್ಡ್. ಇದರ ಮೊದಲ ರೂಪವನ್ನು ಕ್ಲಿಗ್‌ಮನ್ ಎಂಬ ವೈದ್ಯರು 1975ರಲ್ಲಿ ಪ್ರಕಟಿಸಿದರು. ಸರಿಯಾಗಿ ಬಳಸಿದರೆ ಒಳ್ಳೆಯ ಔಷಧಿ. ರಾತ್ರಿ ಮಾತ್ರ, ಕಲೆಯ ಮೇಲೆ ಮಾತ್ರ, ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ವಾರ, ತಜ್ಞರ ಕಣ್ಣೆದುರು. ವರ್ಷಗಟ್ಟಲೆ ಹಚ್ಚಿದರೆ ಸ್ಟೀರಾಯ್ಡಿನ ಎಲ್ಲ ತೊಂದರೆ ಬರುತ್ತದೆ, ಹೈಡ್ರೊಕ್ವಿನೋನ್‌ನಿಂದ ಕೆನ್ನೆಯಲ್ಲಿ ನೀಲಿಗಪ್ಪು ಕಲೆ ಕೂರುತ್ತದೆ. ಅದನ್ನು ತೆಗೆಯುವುದು ತುಂಬಾ ಕಷ್ಟ. ಈಗಾಗಲೇ ಸ್ಟೀರಾಯ್ಡಿನಿಂದ ನೊಂದ ನಿಮ್ಮ ಮುಖಕ್ಕೆ ಸದ್ಯ ಇದು ಬೇಡ ಅಂತ ನನ್ನ ಅಭಿಪ್ರಾಯ.

ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆಯೂ ಇದೆ. ರಕ್ತಸ್ರಾವ ನಿಲ್ಲಿಸುವ ಔಷಧಿ ಅದು. ಜಪಾನಿನಲ್ಲಿ 1979ರಲ್ಲಿ ಪಿತ್ತಗಂದೆಯ ರೋಗಿಗೆ ಕೊಟ್ಟಾಗ ಬಂಗು ತಿಳಿಯಾದದ್ದು ಕಂಡಿತು. ಸಣ್ಣ ಪ್ರಮಾಣದಲ್ಲಿ ಕೆಲವು ತಿಂಗಳು ಕೊಟ್ಟರೆ ಹಠಮಾರಿ ಬಂಗಿಗೂ ಫಲ ಸಿಗುತ್ತದೆ. ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರು, ಪಾರ್ಶ್ವವಾಯು ಆದವರು, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರು ಮುಟ್ಟಬಾರದು. ನಿಯಾಸಿನಮೈಡ್, ಕೋಜಿಕ್ ಆಸಿಡ್, ವಿಟಮಿನ್ ಸಿ ಸೀರಮ್‌ಗಳು ಸೌಮ್ಯ, ಸಹಾಯಕ್ಕೆ ಇರಲಿ. ಬೆಳ್ಳಗಾಗಲು ಕೊಡುವ ಗ್ಲುಟಾಥಯೋನ್ ಇಂಜೆಕ್ಷನ್ ಬಗ್ಗೆ ಯಾರಾದರೂ ಹೇಳಿದರೆ ಹೋಗಬೇಡಿ.

ಲೇಸರ್ ಒಂದೇ ಸಲಕ್ಕೆ ಬಂಗು ತೆಗೆಯುವುದಿಲ್ಲ. ಲೇಸರ್ ಅಂದರೆ ಬೆಳಕು, ಬಿಸಿ. ನಮ್ಮ ಚರ್ಮದಲ್ಲಿ ಆ ಬಿಸಿಯೇ ಕಪ್ಪು ಬರಿಸಬಹುದು, ಕೆಲವೊಮ್ಮೆ ಬಿಳಿ ಚುಕ್ಕೆಯೂ ಬರುತ್ತದೆ. ಕಪ್ಪು ಚರ್ಮಕ್ಕೆ ಸ್ವಲ್ಪ ಸುರಕ್ಷಿತ ಅನ್ನಬಹುದಾದದ್ದು 1064 ನ್ಯಾನೊಮೀಟರಿನ ಎನ್‌ಡಿ ಯಾಗ್ ಲೇಸರ್. ಅದೂ ಹಲವು ಸಲ ಮಾಡಬೇಕು, ನಿಲ್ಲಿಸಿದ ಮೇಲೆ ಬಂಗು ಮರಳುವುದು ಸಾಮಾನ್ಯ. ಕ್ರೀಮ್, ಸನ್‌ಸ್ಕ್ರೀನ್ ಆರು ತಿಂಗಳು ಸರಿಯಾಗಿ ಮಾಡಿದ ಮೇಲೂ ಉಳಿದರೆ ಆಗ ಯೋಚಿಸೋಣ. ಆರು ಸಿಟ್ಟಿಂಗಿನ ಪ್ಯಾಕೇಜ್ ಅಂತ ಮೊದಲೇ ಪೂರ್ತಿ ದುಡ್ಡು ಕಟ್ಟಬೇಡಿ. ಯಾವ ಲೇಸರ್, ಮಾಡುವವರು ಚರ್ಮರೋಗ ತಜ್ಞರೇ, ಕಿವಿಯ ಹಿಂದೆ ಮೊದಲು ಚಿಕ್ಕ ಜಾಗದಲ್ಲಿ ಪರೀಕ್ಷೆ ಮಾಡುತ್ತೀರಾ ಅಂತ ಕೇಳಿ.

ಎಷ್ಟು ದಿನ ಬೇಕು? ಕಲೆ ಕಂದು ಬಣ್ಣದ್ದಾದರೆ ಮೆಲನಿನ್ ಚರ್ಮದ ಮೇಲ್ಪದರದಲ್ಲಿದೆ. ಮೂರು ತಿಂಗಳಲ್ಲಿ ಬದಲಾವಣೆ ಕಾಣುತ್ತದೆ, ಮೊಡವೆ ಕಲೆ ಆರರಿಂದ ಹನ್ನೆರಡು ತಿಂಗಳಲ್ಲಿ ಬಹುಪಾಲು ಹೋಗುತ್ತದೆ. ಬೂದಿ ಅಥವಾ ನೀಲಿ ಛಾಯೆ ಇದ್ದರೆ ಆಳಕ್ಕೆ ಇಳಿದಿದೆ, ವರ್ಷಗಳೇ ಹಿಡಿಯಬಹುದು. ತಜ್ಞರು ವುಡ್ಸ್ ಲ್ಯಾಂಪ್ ಎಂಬ ಅತಿನೇರಳೆ ದೀಪ ಹಿಡಿದು ಕತ್ತಲಲ್ಲಿ ನೋಡಿದರೆ ಅಂದಾಜು ಸಿಗುತ್ತದೆ. ಬಂಗು ತಿಳಿಯಾದ ಮೇಲೂ ಬಿಸಿಲಿಗೆ ಮರಳುವ ಸ್ವಭಾವದ್ದು, ಹಾಗಾಗಿ ಟೊಪ್ಪಿ ಸನ್‌ಸ್ಕ್ರೀನ್ ಮುಂದಿನ ಅಡಿಕೆ ಹಂಗಾಮಿಗೂ ಬೇಕು. ಬದಲಾವಣೆ ಕನ್ನಡಿಯಲ್ಲಿ ದಿನಾ ನೋಡಿದರೆ ತಿಳಿಯುವುದಿಲ್ಲ. ತಿಂಗಳಿಗೊಮ್ಮೆ ಅದೇ ಕಿಟಕಿಯ ಹತ್ತಿರ, ಅದೇ ಹೊತ್ತಿಗೆ ಒಂದು ಫೋಟೊ ತೆಗೆದಿಡಿ.

ಹಣೆಯಲ್ಲಿ, ಕಿವಿಯ ಪಕ್ಕದಲ್ಲಿ ಕಪ್ಪು ಬೆಳೆದರೆ ಕೂದಲಿನ ಡೈ, ಕುಂಕುಮ ಇವನ್ನೂ ಅನುಮಾನಿಸಬೇಕು. ಬೆರಳಿನ ಗೆಣ್ಣುಗಳು ಕಪ್ಪಾಗಿ ಸುಸ್ತೂ ಇದ್ದರೆ ವಿಟಮಿನ್ ಬಿ12 ನೋಡಿಸಿ. ಮೀನು ಮೊಟ್ಟೆ ತಿನ್ನದ ಮನೆಗಳಲ್ಲಿ ಇದರ ಕೊರತೆ ಸಾಕಷ್ಟಿದೆ, ಕೊರತೆ ತುಂಬಿದರೆ ಆ ಕಪ್ಪು ಹೋಗುತ್ತದೆ. ಅಂಗಾಲಿನಲ್ಲಿ, ಉಗುರಿನ ಅಡಿಯಲ್ಲಿ ಹೊಸ ಕಪ್ಪು ಮಚ್ಚೆ ಬಂದು ದೊಡ್ಡದಾಗುತ್ತಿದ್ದರೆ ತಡ ಮಾಡದೆ ತೋರಿಸಿ.

ಮಗಳ ವಿಷಯ. ಅವಳಿಗೆ ಬೈಯಬೇಡಿ, ಅದು ಕೊಳೆ ಅಲ್ಲ. ಕುತ್ತಿಗೆಯ ಹಿಂದೆ ಚರ್ಮ ಕಪ್ಪಾಗಿ, ದಪ್ಪವಾಗಿ, ಮುಟ್ಟಿದರೆ ಮಖಮಲ್ಲಿನ ಹಾಗಿದ್ದು, ಕಂಕುಳಲ್ಲೂ ಅದೇ ಇದ್ದರೆ ಅದಕ್ಕೆ ಅಕಾಂಥೋಸಿಸ್ ನೈಗ್ರಿಕಾನ್ಸ್ ಅಂತ ಹೆಸರು. ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ರಕ್ತದಲ್ಲಿ ಅದು ಏರಿದಾಗ ಹೀಗಾಗುತ್ತದೆ. ತೂಕ ಜಾಸ್ತಿ ಇರುವ ಮಕ್ಕಳಲ್ಲಿ, ಮನೆಯಲ್ಲಿ ಸಕ್ಕರೆ ಕಾಯಿಲೆ ಇದ್ದವರಲ್ಲಿ ಹೆಚ್ಚು. ಸೋಪು, ಸ್ಕ್ರಬ್, ಹೀರೆ ನಾರು ಹಾಕಿ ಉಜ್ಜಿದರೆ ಕಪ್ಪು ಇನ್ನೂ ಏರುತ್ತದೆ. ಬೆನ್ನು, ತೋಳು ಉಜ್ಜಿ ಉಜ್ಜಿ ಮರಳುಗೆರೆಯಂಥ ಕಪ್ಪು ಬರಿಸಿಕೊಂಡ ದೊಡ್ಡವರೂ ಎಷ್ಟೋ ಮಂದಿ ಬರುತ್ತಾರೆ. ಇವತ್ತಿನಿಂದಲೇ ಉಜ್ಜುವುದು ನಿಲ್ಲಿಸಿ.

ಅವಳಿಗೆ ಬರಿಹೊಟ್ಟೆಯ ಸಕ್ಕರೆ, ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ) ಎರಡೂ ಪರೀಕ್ಷೆ ಮಾಡಿಸಿ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿದ್ದರೆ, ಗಲ್ಲದಲ್ಲಿ ಕೂದಲು ಬರುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ತೂಕ ಜಾಸ್ತಿ ಇದ್ದು ಸ್ವಲ್ಪ ಇಳಿದರೂ ಕುತ್ತಿಗೆ ತಾನಾಗಿ ತಿಳಿಯಾಗುತ್ತದೆ. ಹಾಗಂತ ಊಟ ಬಿಡಿಸಬೇಡಿ. ಶಾಲೆಯಿಂದ ಬಂದ ಮೇಲೆ ಬೇಕರಿ ತಿಂಡಿ, ಬಾಟಲಿ ಜ್ಯೂಸ್ ಕಡಿಮೆ ಮಾಡಿ, ಒಂದು ಗಂಟೆ ಆಡಲು ಬಿಡಿ. ಇಡೀ ಮನೆ ಒಟ್ಟಿಗೆ ಬದಲಾದರೆ ಅವಳಿಗೆ ತನ್ನೊಬ್ಬಳ ಮೇಲೆ ಬಿದ್ದ ಶಿಕ್ಷೆ ಅಂತ ಅನಿಸುವುದಿಲ್ಲ.

ತಜ್ಞರ ಹತ್ತಿರ ಹೋಗುವಾಗ ಮನೆಯಲ್ಲಿರುವ ಎಲ್ಲ ಟ್ಯೂಬ್, ಡಬ್ಬಿ, ಮಾತ್ರೆ ಪಟ್ಟಿ ಒಂದೇ ಚೀಲಕ್ಕೆ ಹಾಕಿಕೊಂಡು ಹೋಗಿ. ಡಾಕ್ಟರಿಗೆ ಕನ್ನಡ ಬರದಿದ್ದರೆ ಸುಮ್ನೆ ತಲೆಯಾಡಿಸಿ ಬರಬೇಡಿ. ಯಾವುದು ರಾತ್ರಿ, ಯಾವುದು ಬೆಳಿಗ್ಗೆ, ಎಷ್ಟು ವಾರ ಅಂತ ಚೀಟಿಯಲ್ಲೇ ಬರೆಸಿಕೊಳ್ಳಿ. ಮೂತ್ರದ ವರದಿ, ಮಗಳ ಸಕ್ಕರೆಯ ವರದಿ ಬಂದ ಮೇಲೆ ಇನ್ನೊಮ್ಮೆ ಬರೆಯಿರಿ. ಆ ಡಬ್ಬಿಯ ಹಿಂಬದಿಯ ಫೋಟೊ ಜೊತೆಗಿರಲಿ.